ಕೆಂಪು ದೀಪದ ಹರಕೆ

ಎಸ್.ಪಿ. ರಸ್ತೆಯಿಂದ ಹಳೇ ಸ್ಟೀರಿಯೋ ಟ್ಯೂನರ್ ಹೊತ್ತು ತಂದಾಗ ಅಮ್ಮ ಕೇಳಿದ್ದು, "ಅಡುಗೆಮನೆ ಟ್ರಾನ್ಸಿಸ್ಟರಿಗೆ ಏನು ಬಂತೋ ರೋಗ?" ಅದು ಗುಂಡುಕಲ್ಲಿನ ಹಾಗಿತ್ತು. ಆದರೆ ಅದರಲ್ಲಿ 'ಸ್ಟೀರಿಯೋ' ಎಂದು ಬರೆದ ಕೆಂಪು ದೀಪ ಇರಲಿಲ್ಲವಲ್ಲ!

ಟ್ಯೂನರಿನಲ್ಲಿ ದೀಪ ಇತ್ತು, ಉರಿಯುತ್ತಿರಲಿಲ್ಲ. 101.3ರ ಎಫ್.ಎಂ. ರೇನ್‌ಬೋ ಹಚ್ಚಿದರೆ ಬರೀ ಗೊರಗೊರ. ನಿಲಯದವರು ಹಾಡಿನ ಜೊತೆ ಕಳಿಸುವ 19 ಕಿಲೋಹರ್ಟ್ಸ್ ಪೈಲಟ್ ಸಿಗ್ನಲ್ ಸಿಕ್ಕರೆ ಮಾತ್ರ ದೀಪ. ಸ್ಟೀರಿಯೋಗೆ ಸಿಗ್ನಲ್ ಕೂಡ ಜೋರಾಗಿರಬೇಕು. ಮೋನೋ ಸಾಕೆಂದು ಸುಮ್ಮನಿರಬಹುದಿತ್ತು. ಅಷ್ಟು ಸುಲಭಕ್ಕೆ ಬಗ್ಗುವ ವಂಶ ನಮ್ಮದಲ್ಲ.

ಆಂಟೆನಾ ಕಟ್ಟಲು ಕೂತೆ. 300ನ್ನು 101.3ರಿಂದ ಭಾಗಿಸಿದರೆ ಅಲೆಯುದ್ದ ಮೂರು ಮೀಟರಿಗೆ ಚೂರು ಕಮ್ಮಿ. ಅದರಲ್ಲಿ ಅರ್ಧ ಹಿಡಿದು, ನೂರಕ್ಕೆ ಐದರಂತೆ ಕಳೆದರೆ 1.4 ಮೀಟರ್. ಹೆಂಡತಿಯ ರವಿಕೆ ಅಳೆಯುವ ಟೇಪಿನಲ್ಲಿ ತಂತಿ ಅಳೆದು, ಎರಡು ತೋಳಿನ ಡೈಪೋಲ್ ಕಟ್ಟಿ ಗೋಡೆಗೆ ಬಡಿದೆ. ಈ ಡೈಪೋಲಿಗೆ ಅಡ್ಡಬದಿಯಿಂದ ಬಂದದ್ದು ಕೇಳುತ್ತದೆ, ತುದಿಗಳ ಕಡೆ ಕಿವುಡು. ನನ್ನ ತಂತಿಯ ತುದಿ ನೆಟ್ಟಗೆ ಟವರಿಗೇ ಗುರಿಯಿಟ್ಟು ನಿಂತಿತ್ತು. ಸಾಲದ್ದಕ್ಕೆ ಗೋಡೆಯೊಳಗೆ ಕಂಬಿಗಳ ಜಾಲ. ಸ್ಟೂಲ್ ಹತ್ತಿ ತಂತಿ ಕೈಯಲ್ಲಿ ಹಿಡಿದರೆ ಸ್ಪಷ್ಟ, ಇಳಿದರೆ ಗೊರಗೊರ. "ಹಾಗೇ ನಿಂತಿರಿ, ವಾರ್ತೆ ಮುಗೀಲಿ" ಅಂದಳು ಹೆಂಡತಿ, ಮೆಂತ್ಯ ಸೊಪ್ಪು ಬಿಡಿಸುತ್ತ.

ಕೊನೆಗೆ ತಾರಸಿ. ಪೈಪು ನೆಟ್ಟು, ಮೂರು ಮಹಡಿ ಕೇಬಲ್ ಇಳಿಬಿಟ್ಟೆ. ನೆರೆಯವರೊಬ್ಬರು ಮೇಲೆ ಬಂದು, "ಮೊಬೈಲ್ ಟವರ್ ಹಾಕಿಸ್ತಿದೀರಂತೆ, ಬಾಡಿಗೆ ಎಷ್ಟು ಕೊಡ್ತಾರೆ ಸಾರ್?" ಎಂದು ವಿಚಾರಿಸಿದರು. ರೇಡಿಯೋಗೆ ಅಂದದ್ದನ್ನು ಅವರು ನಂಬಲೇ ಇಲ್ಲ. ನಾನು ಪೈಪು ತಿರುಗಿಸುತ್ತ, "ಬಂತೇನೇ?" ಎಂದು ಕೂಗಿದೆ. ಕೆಳಗಿನಿಂದ "ಬಂತು, ಬಂತು!" ಬೋಲ್ಟ್ ಬಿಗಿದು, ಸಿಮೆಂಟು ಮೆತ್ತಿ ಇಳಿದು ಬಂದರೆ ದೀಪ ಕಪ್ಪಗೆ ಕೂತಿದೆ. ಅವಳಿಗೆ ಬಂದದ್ದು ಕಾವೇರಿ ನೀರು.

ಒಣಗಿದ ಸಿಮೆಂಟು ಕೆತ್ತಿ, ಪೈಪು ಮತ್ತೆ ತಿರುಗಿಸಿದ ಮೇಲೆ ಒಂದು ಸಂಜೆ ದೀಪ ಹತ್ತಿತು. ಇಡೀ ಮನೆಯನ್ನು ಕರೆದು ಕೂರಿಸಿದೆ. ಅರವತ್ತರ ದಶಕದ ಹಾಡು, ಪಿ.ಬಿ. ಶ್ರೀನಿವಾಸರ ದನಿ. ಅಮ್ಮ ಒಂದು ಸ್ಪೀಕರಿಗೆ ಕಿವಿಯಿಟ್ಟರು, ಎದ್ದು ಇನ್ನೊಂದಕ್ಕಿಟ್ಟರು.

"ಎರಡರಲ್ಲೂ ಒಂದೇ ಬರ್ತಿದೆಯಲ್ಲೋ."

ಬರದೆ ಏನು? ಆ ಕಾಲದ ನಮ್ಮ ಸಿನಿಮಾ ಹಾಡುಗಳ ಧ್ವನಿಮುದ್ರಣವೇ ಮೋನೋ.

"ದೀಪ ನೋಡಮ್ಮಾ," ಅಂದೆ.

"ಚೆನ್ನಾಗಿ ಉರೀತಿದೆ ಕಣೋ. ಸ್ವಲ್ಪ ಮಾತು ನಿಲ್ಸು, ಹಾಡು ಕೇಳಿಸ್ತಿಲ್ಲ."