ಸುಳ್ಳು ತೋಟಾ ಮೀಮಾಂಸೆ

ಯಲಹಂಕದಿಂದ ಯಶವಂತಪುರದವರೆಗೆ, ಹೆಬ್ಬಾಳದ ಮೇಲ್ಸೇತುವೆಯನ್ನು ನಡುವಿಟ್ಟುಕೊಂಡು ಹರಡಿರುವ ಉತ್ತರ ಬೆಂಗಳೂರಿನ ಬಗ್ಗೆ ವಿದ್ವಾಂಸರು ಬರೆಯದೆ ಬಿಟ್ಟದ್ದು ಕಡಿಮೆ. ಯಲಹಂಕ ನಾಡಪ್ರಭುಗಳ ವಂಶಾವಳಿ ಆಗಿದೆ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ, ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ವೀರಗಲ್ಲನ್ನೂ ಓದಿ ಮುಗಿಸಿದ್ದಾರೆ. ಮೇಲ್ಸೇತುವೆಯ ಟ್ರಾಫಿಕ್ಕಿನ ಮೇಲೆ ಬಂದ ವರದಿಗಳನ್ನು ಪೇರಿಸಿದರೆ ಇನ್ನೊಂದು ಮೇಲ್ಸೇತುವೆಯೇ ಎದ್ದೀತು. ಆದರೆ .22 ರಿಮ್‌ಫೈರ್ ಬಂದೂಕಿನ ಟ್ರಿಗರನ್ನು ಗುಂಡಿಲ್ಲದೆ ಎಳೆದು ಅಭ್ಯಾಸ ಮಾಡುವವರು ಚೇಂಬರಿನೊಳಗೆ ತೋಟಾದ ಬದಲು ಏನನ್ನಿಡಬೇಕು, ಅದೂ ಕೈಗೆ ಖರ್ಚು ತಟ್ಟದಂತೆ, ಎಂಬ ಪ್ರಶ್ನೆಗೆ ಒಂದು ಅಡಿಟಿಪ್ಪಣಿಯ ಭಾಗ್ಯವೂ ಒದಗಿಲ್ಲ. ಈ ಘೋರ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ನಮ್ಮ ಪ್ರತಿಜ್ಞೆ ಇಷ್ಟು: ಸುಳ್ಳು ತೋಟಾ ಕಣ್ಣಿಗೆ ತೋಟಾದಂತೆ ಕಾಣಲೇಬಾರದು, ಚೇಂಬರಿನಲ್ಲಿ ಮಾತ್ರ ತೋಟಾದಂತೆಯೇ ಕೂರಬೇಕು. ಇವೆರಡನ್ನೂ ಒಟ್ಟಿಗೆ ಸಾಧಿಸಿದ ಗೃಹೋಪಯೋಗಿ ವಸ್ತು ಜಗತ್ತಿನಲ್ಲಿ ಒಂದೇ ಒಂದು. ಅದು ಹಾರ್ಡ್‌ವೇರ್ ಅಂಗಡಿಯ ಹಳದಿ ಪ್ಲಾಸ್ಟಿಕ್ ವಾಲ್ ಪ್ಲಗ್.

ಮೊದಲು ರೋಗದ ನಿದಾನ. ಸೆಂಟರ್‌ಫೈರ್ ತೋಟಾದಲ್ಲಿ ಸಿಡಿಮದ್ದು ತಳದ ನಟ್ಟನಡುವೆ ಬೊಟ್ಟಿಟ್ಟಂತೆ ಕೂತಿರುತ್ತದೆ. ಫೈರಿಂಗ್ ಪಿನ್ ಬಂದು ಅಲ್ಲಿಗೇ ಕುಟ್ಟುತ್ತದೆ. ತೋಟಾ ಇಲ್ಲದಿದ್ದರೆ ಪಿನ್ ಬರೀ ಗಾಳಿಗೆ ಮೂತಿ ಚಾಚಿ ನಿಲ್ಲುತ್ತದೆ, ಕೆಡುಕು ಹೆಚ್ಚಿಲ್ಲ. ರಿಮ್‌ಫೈರಿನ ಸಂಸಾರವೇ ಬೇರೆ. ಫ್ರಾನ್ಸಿನ ಫ್ಲೋಬೇರ್ 1845ರಲ್ಲಿ ಹುಟ್ಟಿಸಿದ, ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ 1857ರಲ್ಲಿ .22 ಶಾರ್ಟ್ ಎಂದು ಮಾರಿದ, ಸ್ಟೀವನ್ಸ್ ಕಂಪನಿ 1887ರಲ್ಲಿ .22 ಲಾಂಗ್ ರೈಫಲ್ ಎಂದು ಬೆಳೆಸಿದ ಈ ವಂಶದಲ್ಲಿ ಸಿಡಿಮದ್ದು ತಳದ ಅಂಚಿನ ಮಡಿಕೆಯೊಳಗೆ ಸುತ್ತಲೂ ಅಡಗಿರುತ್ತದೆ. ಅಂಚಿನ ಅಗಲ ಸುಮಾರು 7 ಮಿಲಿಮೀಟರ್, ದಪ್ಪ 1 ಮಿಲಿಮೀಟರಿಗಿಂತ ತುಸು ಹೆಚ್ಚು. ಪಿನ್ ಈ ಹಿತ್ತಾಳೆಯ ಅಂಚನ್ನು ಚೇಂಬರಿನ ಬಾಯಿಗೆ ಒತ್ತಿ ಜಜ್ಜಿದಾಗಲೇ ಕಿಡಿ. ಅಂಚು ಇಲ್ಲದಿದ್ದರೆ ಉಕ್ಕಿನ ಪಿನ್ ಉಕ್ಕಿನ ಬಾಯಿಗೇ ಬಡಿಯುವ ಸಂಭವವುಂಟು. ನಡುವೆ ನಿಂತು ಏಟು ತಿನ್ನುವವನಿಲ್ಲದ ದಾಯಾದಿ ಜಗಳದ ಹಾಗೆ, ಇಬ್ಬರಿಗೂ ಗಾಯ. ಪಿನ್ನಿನ ಮೂತಿ ಮೊಂಡಾಗುತ್ತದೆ. ಚೇಂಬರಿನ ಬಾಯಲ್ಲಿ ಸಣ್ಣ ತಗ್ಗು ಬೀಳುತ್ತದೆ. ತಗ್ಗಿನಿಂದ ಸರಿದ ಲೋಹ ಒಳಮುಖವಾಗಿ ಉಬ್ಬಿ, ಆಮೇಲೆ ನಿಜವಾದ ತೋಟಾವೂ ಸಲೀಸಾಗಿ ಒಳಹೋಗದು, ಹೋದದ್ದು ಹೊರಬಾರದು.

ಹಾಗಾದರೆ ಟ್ರಿಗರನ್ನೇ ಮುಟ್ಟದಿದ್ದರಾಯಿತಲ್ಲ ಎಂಬುದು ಸೋಮಾರಿಗಳ ಪೂರ್ವಪಕ್ಷ. 50 ಮೀಟರ್ ರೈಫಲ್ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್, ಅಂದರೆ ಅಂಗಿಯ ಗುಂಡಿಯಷ್ಟು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆಗೆ ಕಂಚು ತಂದ ಮೂರು ಭಂಗಿಗಳ ಸ್ಪರ್ಧೆ ಇದೇ .22 ಬೋರಿನದು. 2016ರ ರಿಯೋದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಇಳಿದ 50 ಮೀಟರ್ ಪಿಸ್ತೂಲಿನದೂ ಅದೇ ಬೋರು. ಅಂಥ ಕಡೆ ಗುರಿ ತಪ್ಪಿಸುವುದು ಹೆಚ್ಚಾಗಿ ಕಣ್ಣಲ್ಲ, ಕೊನೆಯ ಕ್ಷಣದಲ್ಲಿ ಹಾರುವ ಬೆರಳು. ಬೆರಳಿಗೆ ಬುದ್ಧಿ ಕಲಿಸಲು ಗುಂಡು ಬೇಡ. ಟ್ರಿಗರ್ ಬೇಕು, ಪುನರಾವರ್ತನೆ ಬೇಕು. 1948ರಲ್ಲಿ ಶುರುವಾದ ಎನ್‌ಸಿಸಿಯಲ್ಲಿ ತಲೆಮಾರುಗಳ ಕೆಡೆಟ್‌ಗಳು ಮೊದಲ ಸಲ ಹೊಟ್ಟೆಯ ಮೇಲೆ ಮಲಗಿ ಗುರಿ ಹಿಡಿದದ್ದು .22 ರೈಫಲ್ಲಿನಲ್ಲೇ. ನಳಿಗೆಯ ತುದಿಯಲ್ಲಿ ಒಂದು ನಾಣ್ಯವಿಟ್ಟು, ಅದು ಬೀಳದಂತೆ ಟ್ರಿಗರ್ ಎಳೆಯುವ ಹಳೆಯ ಕಸರತ್ತಿನ ಖರ್ಚು ಒಂದು ರೂಪಾಯಿ, ಅದೂ ವಾಪಸ್ ಸಿಗುವಂಥದ್ದು. ಹೀಗಾಗಿ ಅಭ್ಯಾಸ ಅನಿವಾರ್ಯ, ಅಭ್ಯಾಸಕ್ಕೆ ಏಟು ತಿನ್ನುವವನೂ ಅನಿವಾರ್ಯ.

ಏಟು ತಿನ್ನುವವನ ಲಕ್ಷಣಗಳು ನಾಲ್ಕು. ಒಂದು, ಅವನಿಗೆ ಅಂಚಿರಬೇಕು; ಮೈ ಎಷ್ಟೇ ಚಂದವಿದ್ದರೂ ಪಿನ್ ಬಡಿಯುವ ಜಾಗ ಅಂಚೇ. ಎರಡು, ಉಕ್ಕಿಗಿಂತ ಮೆತ್ತಗಿರಬೇಕು, ಆದರೆ ಪುಡಿಯಾಗಬಾರದು. ಮೂರು, ಬೆರಳಲ್ಲಿ ನೂಕಿದಷ್ಟಕ್ಕೆ ಒಳಹೋಗಿ, ಉಗುರಲ್ಲಿ ಮೀಟಿದಷ್ಟಕ್ಕೆ ಹೊರಬರಬೇಕು. ನಾಲ್ಕು, ಕತ್ತಲಲ್ಲೂ ಅವಸರದಲ್ಲೂ ಯಾರೂ ಅದನ್ನು ನಿಜವಾದ ತೋಟಾ ಎಂದು ತಿಳಿಯಬಾರದು. ಕೊನೆಯದೇ ಮುಖ್ಯ. ಮೊದಲ ಮೂರರಲ್ಲಿ ಸೋತರೆ ಬಂದೂಕು ರಿಪೇರಿಗೆ ಹೋಗುತ್ತದೆ, ನಾಲ್ಕನೆಯದರಲ್ಲಿ ಸೋತರೆ ಮನುಷ್ಯ ಹೋಗುತ್ತಾನೆ.

ಈ ನಾಲ್ಕು ಒರೆಗಲ್ಲುಗಳಿಗೆ ಆರ್.ಟಿ. ನಗರದ ಒಂದು ಸರಾಸರಿ ಮನೆಯ ಸಾಮಾನನ್ನು ಉಜ್ಜಿ ನೋಡೋಣ. ಮಸಾಲೆ ಡಬ್ಬಿಯಿಂದ ಮೊದಲು ಎದ್ದು ನಿಲ್ಲುವ ಅಭ್ಯರ್ಥಿ ಲವಂಗ. ತಲೆ, ಕತ್ತು, ಮೈ ಮೂರೂ ಇರುವ ಸಂಬಾರ ಪದಾರ್ಥ ಅದೊಂದೇ. ದೂರದಿಂದ ನೋಡಿದವರಿಗೆ ಅದು ರಿಮ್‌ಫೈರಿನ ಬಡ ನೆಂಟನೇ ಸರಿ. ಆದರೆ ತಲೆ 7 ಮಿಲಿಮೀಟರಿಗೆ ಬಾರದೆ ಚೇಂಬರಿನೊಳಕ್ಕೇ ಜಾರುತ್ತದೆ. ದೈವಯೋಗದಿಂದ ಬಾಯಲ್ಲಿ ನಿಂತರೂ ಮೊದಲ ಏಟಿಗೇ ಮೊಗ್ಗು ಉದುರಿ, ಎಣ್ಣೆಯ ಜಿಡ್ಡು, ಚೂರು, ಪುಲಾವಿನ ಘಮ ಮೂರನ್ನೂ ಒಳಗೆ ಬಿಟ್ಟುಹೋಗುತ್ತದೆ. ಬೆಂಕಿಕಡ್ಡಿಗೂ ತಲೆಯಿದೆ, ಆದರೆ ಆ ತಲೆಯೊಳಗೇ ಮದ್ದಿದೆ. ಕಿಡಿ ತಪ್ಪಿಸಲು ಹೊರಟವರು ಕಿಡಿಯನ್ನೇ ಒಳಗಿಟ್ಟಂತಾಗುತ್ತದೆ. ಬಾಲ್‌ಪೆನ್ನಿನ ಖಾಲಿ ರೀಫಿಲ್ಲಿಗೆ ಮೈಯಿದೆ, ಅಂಚಿಲ್ಲ. ಅಗರಬತ್ತಿಯ ಕಡ್ಡಿಗೆ ಭಕ್ತಿಯೊಂದು ಬಿಟ್ಟರೆ ಬೇರೇನೂ ಇಲ್ಲ. ಶಾಲೆಯ ರಬ್ಬರನ್ನು ಕತ್ತರಿಸಿ ತುರುಕಿದರೆ ಅದು ಪಿನ್ನಿಗೆ ಮೆತ್ತಗೇ ಇರುತ್ತದೆ, ಆದರೆ ಒಳಹೋದ ಮೇಲೆ ಬಾಡಿಗೆದಾರನಂತೆ ಬಿಡಲೊಲ್ಲದು.

ಈಗ ಸಿದ್ಧಾಂತ. ವಾಲ್ ಪ್ಲಗ್ಗಿಗೆ ಪಂಡಿತ ಪರಂಪರೆಯೇ ಇದೆ. ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗೆ ಗಾಯ ಕಾಣದಂತೆ ವಿದ್ಯುತ್ ಸಲಕರಣೆ ಕೂರಿಸುವ ಕೆಲಸಕ್ಕಾಗಿ ಲಂಡನ್ನಿನ ಜಾನ್ ರಾಲಿಂಗ್ಸ್ 1911ರ ಹೊತ್ತಿಗೆ ಸೆಣಬಿನ ನಾರಿನ ಪ್ಲಗ್ ಮಾಡಿದ. 1958ರಲ್ಲಿ ಜರ್ಮನಿಯ ಆರ್ಟುರ್ ಫಿಶರ್ ಅದನ್ನು ನೈಲಾನಿಗೆ ತಂದ. ಮ್ಯೂಸಿಯಮ್ಮಿನಲ್ಲಿ ಹುಟ್ಟಿದ ವಸ್ತು ವಿದ್ವತ್ತಿಗೆ ಹೊರಗಿನದೆಂದು ಯಾರೂ ಹೇಳುವಂತಿಲ್ಲ. ಯಶವಂತಪುರದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಒಂದು ದರ್ಶಿನಿ ತಿಂಡಿಯ ದುಡ್ಡಿಗೆ ಒಂದು ಪೊಟ್ಟಣ ಬರುತ್ತದೆ. ಆರಿಸುವಾಗ ಎರಡು ಎಚ್ಚರ. ತಳದಲ್ಲಿ ಅಗಲವಾದ ಕಾಲರ್ ಇರುವ ಜಾತಿಯನ್ನೇ ಕೇಳಬೇಕು. ಕಾಲರ್ ಇಲ್ಲದ ಬೂದು ಪ್ಲಗ್ ರೀಫಿಲ್ಲಿನ ತಮ್ಮ. ಚೇಂಬರಿನ ಅಗಲ 5.7 ಮಿಲಿಮೀಟರಿನ ಆಸುಪಾಸು, ಆದ್ದರಿಂದ ಮೈ ಸಡಿಲವಾಗಿ ಜಾರಬೇಕು. ನೂಕಿ ತಿರುವಿ ಕೂರಿಸಬೇಕಾದದ್ದು ಗೋಡೆಗೇ ಮೀಸಲು. ಸರಿಯಾದದ್ದು ಸಿಕ್ಕರೆ ಕಾಲರ್ ಚೇಂಬರಿನ ಬಾಯಲ್ಲಿ ತೋಟಾದ ಅಂಚಿನಂತೆಯೇ ಕೂರುತ್ತದೆ. ಪ್ರತಿ ಏಟೂ ಅದರ ಮೇಲೆ ಒಂದು ಚಿಕ್ಕ ಗೀರುಗುಳಿ ಮೂಡಿಸುತ್ತದೆ. ಪ್ಲಗ್ಗನ್ನು ಕೊಂಚ ಕೊಂಚ ತಿರುಗಿಸುತ್ತ ಹೋಗಬೇಕು. ಗುಳಿಗಳು ಸುತ್ತು ಬಂದು ಒಂದನ್ನೊಂದು ಮುಟ್ಟಿದ ದಿನ ಆ ಪ್ಲಗ್ ನಿವೃತ್ತ. ಅಭ್ಯಾಸಿ ಗುರಿ ಹಿಡಿಯುವುದೂ ಗೋಡೆಗೇ ಆದ್ದರಿಂದ, ಪ್ಲಗ್ ತನ್ನ ಕರ್ಮಭೂಮಿಯನ್ನು ನಳಿಗೆಯ ಕೊಳವೆಯಿಂದ ನೋಡುತ್ತಲೇ ಸೇವೆ ಮುಗಿಸುತ್ತದೆ.

ಹಾರಿಸಿದ ತೋಟಾದ ಖಾಲಿ ಖೋಖಾವನ್ನೇ ಮತ್ತೆ ಬಳಸಿದರೇನು ಎಂಬುದು ಬಲವಾದ ಆಕ್ಷೇಪ. ಅದಕ್ಕೆ ನಿಜವಾದ ಅಂಚಿದೆ, ಪುಕ್ಕಟೆಯಾಗಿಯೂ ಬರುತ್ತದೆ. ಉತ್ತರಗಳು ಮೂರು. ಎನ್‌ಸಿಸಿ ರೇಂಜಿನಲ್ಲಿ ಹಾರಿಸಿದ ಗುಂಡಿಗೂ ಖೋಖಾಕ್ಕೂ ಲೆಕ್ಕ ತಾಳೆಯಾಗುವ ತನಕ ಯಾರೂ ಮನೆಗೆ ಹೊರಡುವುದಿಲ್ಲ, ಪುಕ್ಕಟೆಯ ಮಾತು ಅಲ್ಲಿಗೇ ಮುಗಿಯಿತು. ಎರಡನೆಯದಾಗಿ, ಒಮ್ಮೆ ಜಜ್ಜಿದ ಗುಳಿಗೇ ಪಿನ್ ಮತ್ತೆ ಬಿದ್ದರೆ ರಕ್ಷಣೆಯಿಲ್ಲ. ಮೂರನೆಯದು ನ್ಯಾಯಶಾಸ್ತ್ರದ್ದು. ಹೆಬ್ಬಾಳ, ಯಲಹಂಕಗಳ ಮೇಲೆ ಹಾಯುವ ದಾರಿ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಅಭ್ಯಾಸದ ಬ್ಯಾಗೂ ಪ್ರಯಾಣದ ಬ್ಯಾಗೂ ಒಂದೇ ಆಗಿರುವ ಕುಟುಂಬಗಳು ಇದ್ದೇ ಇವೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಮದ್ದುಗುಂಡೇ. ಪೂರಕ ಭಾಗಗಳೊಂದಿಗೆ ಬಳಸುವ ಉದ್ದೇಶವಿಲ್ಲದ ಕಿರುಭಾಗಗಳಿಗೆ 45ನೇ ಕಲಮಿನಲ್ಲಿ ವಿನಾಯಿತಿ ಇದೆ, ನಿಜ. ತಿಳಿದು ಇಟ್ಟುಕೊಂಡರೆ ಮಾತ್ರ ಅಪರಾಧ ಎಂಬ ತತ್ವವೂ 1972ರ ಗುಣವಂತಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಿಂದ ಬಂದಿದೆ. ಆದರೆ ಈ ಎರಡು ಸೂಕ್ಷ್ಮಗಳನ್ನು ಎಕ್ಸ್‌ರೇ ಯಂತ್ರದ ಮುಂದೆ ನಿಂತು ಮಂಡಿಸುವಷ್ಟರಲ್ಲಿ ವಿಮಾನ ಹಾರಿರುತ್ತದೆ. ವಾಲ್ ಪ್ಲಗ್ ಸಿಕ್ಕಿದವರನ್ನು ಹೆಚ್ಚೆಂದರೆ ಎಲೆಕ್ಟ್ರಿಷಿಯನ್ ಎಂದುಕೊಂಡಾರು.

ಮಾರುಕಟ್ಟೆಯಲ್ಲಿ ಸ್ನ್ಯಾಪ್ ಕ್ಯಾಪ್ ಎಂಬ ಸಿದ್ಧ ಸುಳ್ಳು ತೋಟಾ ಸಿಗುವುದಿಲ್ಲವೇ ಎಂಬುದು ಶ್ರೀಮಂತರ ಆಕ್ಷೇಪ. ಸೆಂಟರ್‌ಫೈರಿಗೆ ಅದು ಸೊಗಸು. ರಿಮ್‌ಫೈರಿನಲ್ಲಿ ಪಿನ್ ಬಡಿಯುವುದು ತೆಳು ಅಂಚಿಗೇ ಆದ್ದರಿಂದ ದುಬಾರಿಯದೂ ಬೇಗ ಜಜ್ಜಿಹೋಗುತ್ತದೆ. ಎರಡೂ ಸಾಯುವವೇ ಆದಮೇಲೆ ಅಗ್ಗದ್ದು ಸಾಯಲಿ. ಹೊಸ ಬಂದೂಕುಗಳಲ್ಲಿ ಕೆಲವಕ್ಕೆ ಪಿನ್ ಬಾಯಿಗೆ ತಾಕದಂತೆ ತಡೆಯಿದೆ, ಏನೂ ಇಡಬೇಕಿಲ್ಲ ಎಂದು ತಯಾರಕರ ಕೈಪಿಡಿಯೇ ಹೇಳುತ್ತದೆ ಎಂದು ಇನ್ನು ಕೆಲವರು ವಾದಿಸುತ್ತಾರೆ. ಶಬ್ದಪ್ರಮಾಣವಾದ ಕೈಪಿಡಿಯ ಮುಂದೆ ನಮ್ಮ ಅನುಮಾನ ಪ್ರಮಾಣ ತಲೆಬಾಗುತ್ತದೆ. ಕೈಪಿಡಿ ಕಳೆದುಹೋದ ಬಂದೂಕುಗಳಿಗೇ ಈ ಪ್ರಬಂಧ.

ಇದೆಲ್ಲ ಕೊಡಗಿನವರು ಬರೆಯಬೇಕಾದದ್ದು, ಆರ್.ಟಿ. ನಗರಕ್ಕೇಕೆ ಎಂಬ ಪ್ರಾದೇಶಿಕ ಆಕ್ಷೇಪವೂ ಉಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳೂ ಅಲ್ಲಿ ನಡೆಯುತ್ತವೆ. ಆದರೆ ಹೊಡೆಯಲು ಕಾಯಿಯೂ ನಿಲ್ಲಲು ಬಯಲೂ ಇರುವವರು ಹೊಡೆದೇ ಕಲಿಯುತ್ತಾರೆ. 30×40 ಸೈಟಿನಲ್ಲಿ ಬಾಲ್ಕನಿಯ ಮುಂದೆ ಪಕ್ಕದ ಮನೆಯ ಬಟ್ಟೆ ಒಣಗುವ ಕಡೆಯೇ ಗುಂಡಿಲ್ಲದ ಅಭ್ಯಾಸ ಶಾಸ್ತ್ರದ ಮಟ್ಟಕ್ಕೆ ಏರುವುದು. ಉತ್ತರ ಬೆಂಗಳೂರಿನಲ್ಲಿ ಲೈಸೆನ್ಸಿರುವ .22 ಎಷ್ಟು ಮನೆಯಲ್ಲಿದೆ, ಈ ಶಾಸ್ತ್ರ ಯಾರಿಗೆ ಎಂಬುದು ಕೊನೆಯ ಆಕ್ಷೇಪ. ಬಂದೂಕಿಲ್ಲದವರ ಪಾಲಿಗೂ ನಮ್ಮ ಸಿದ್ಧಾಂತ ನಷ್ಟದ್ದಲ್ಲ. ಪೊಟ್ಟಣದಲ್ಲಿ ಉಳಿದವು ಕ್ಯಾಲೆಂಡರಿಗೆ, ದೇವರ ಪಟಕ್ಕೆ, ಗೀಸರಿಗೆ ಆಗುತ್ತವೆ. ಒಲಿಂಪಿಕ್ ಕ್ರೀಡೆಯೊಂದರ ಸಲಕರಣೆ ಸೋತ ಮೇಲೂ ಗೀಸರನ್ನು ಹೊತ್ತು ನಿಂತ ಉದಾಹರಣೆ ಬೇರಾವ ಕ್ರೀಡೆಯಲ್ಲೂ ಇಲ್ಲ.

ಇನ್ನು ಫಲಶ್ರುತಿ. ನಿಜವಾದ ಗುಂಡನ್ನೆಲ್ಲ ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟು, ಮನೆಯವರಿಗೆ ಹೇಳಿ, ಆಚೆ ಬದಿಯಲ್ಲಿ ಯಾರೂ ವಾಸಿಸದ ಗೋಡೆಗೆ ಮುಖಮಾಡಿ, ಈ ಮೀಮಾಂಸೆಯನ್ನು ನಿತ್ಯ ಅನುಷ್ಠಾನಕ್ಕೆ ತಂದವರ ಪಿನ್ ಮೊಂಡಾಗದಿರುತ್ತದೆ, ಬೆರಳು ನೆಟ್ಟಗಾಗುತ್ತದೆ, ಪರ್ಸು ಹಗುರಾಗದಿರುತ್ತದೆ. ಚೇಂಬರನ್ನು ಕಣ್ಣಾರೆ ನೋಡಿ, ಬೆರಳಲ್ಲಿ ಮುಟ್ಟಿ ಖಚಿತಮಾಡಿಕೊಳ್ಳದೆ ಟ್ರಿಗರ್ ಎಳೆದವರಿಗೆ ಮಾತ್ರ ಇದರಲ್ಲಿ ಯಾವ ಫಲವೂ ಇಲ್ಲ, ಅವರು ಪ್ಲಗ್ಗನ್ನು ಗೋಡೆಗೇ ಹೊಡೆದುಕೊಳ್ಳುವುದು ಕ್ಷೇಮ.