ಎರಡು ವರ್ಷ ಅನುಭವವಿರುವ ಹೊಸಬ ಬೇಕಾಗಿದ್ದಾನೆ

ಇವರಿಗೆ:
ಮಾನ್ಯ ನೇಮಕಾತಿ ಮುಖ್ಯಸ್ಥರು,
ಮಾನವ ಸಂಪನ್ಮೂಲ ವಿಭಾಗ,
ಭಾರತದ ಸಮಸ್ತ ಕಂಪನಿಗಳು.

ವಿಷಯ: ತಮಗೆ ಬೇಕಾದ ಅಭ್ಯರ್ಥಿ ಇನ್ನೂ ಹುಟ್ಟದಿರುವ ಬಗ್ಗೆ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ತಮ್ಮ ಜಾಹೀರಾತನ್ನು ನಾಡಿನ ಪದವೀಧರರು ಭಕ್ತಿಯಿಂದ ಪಾರಾಯಣ ಮಾಡಿದ್ದಾರೆ. ಹುದ್ದೆ ಫ್ರೆಷರ್‌ನದು, ಅನುಭವ ಎರಡು ವರ್ಷದ್ದು. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರರಲ್ಲೂ ಶೇ 60 ಬಂದಿರಬೇಕು, ಬ್ಯಾಕ್‌ಲಾಗ್ ಇರಕೂಡದು. ಸ್ವತಂತ್ರವಾಗಿ ಯೋಚಿಸಬೇಕು, ಮ್ಯಾನೇಜರ್ ಹಾಕಿದ ಗೆರೆ ದಾಟಬಾರದು. ಸಂಬಳದ ಜಾಗದಲ್ಲಿ ಮಾತ್ರ ‘ಉದ್ಯಮದಲ್ಲೇ ಅತ್ಯುತ್ತಮ’ ಎಂದಿದೆ, ಅಂಕಿ ಕಾಣಿಸುತ್ತಿಲ್ಲ. ಹೆಣ್ಣು ನೋಡಲು ಬರುವ ಗಂಡಿನ ಕಡೆಯವರೂ ಈಗ ಇಷ್ಟುದ್ದದ ಪಟ್ಟಿ ಹಿಡಿದು ಬರುವುದಿಲ್ಲ.

ತಾವು ಪ್ರತಿಭೆಯೊಂದನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ ಎಂಬುದು ಜಗಜ್ಜಾಹೀರು. 2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ, ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70ರಷ್ಟು ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟಿತ್ತು. ಉದ್ಯಮಿಗಳು ಹೌಹಾರಿದರು, ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂ ಕಳವಳ ತೋಡಿಕೊಂಡಿತು, ಎರಡೇ ದಿನಕ್ಕೆ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಅಭ್ಯರ್ಥಿಯ ಊರು ಯಾವುದೆಂದು ಕೇಳಬಾರದು ಎಂಬ ತಮ್ಮ ಘನ ತತ್ವ ಗೆದ್ದಿತು.

ಹೆಸರು ಯಾವುದೆಂದು ನೋಡಬಹುದು ಅನ್ನಿಸುತ್ತದೆ. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಮಾಜವಿಜ್ಞಾನಿ ಪಾಲ್ ಅಟ್ಟವೆಲ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದ್ದರು. ಮೇಲ್ಜಾತಿಯ ಹಿಂದೂ ಹೆಸರಿಗಿಂತ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಕಡಿಮೆಯಿತ್ತು, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಅಂಕಪಟ್ಟಿ ಅದೇ, ಡಿಗ್ರಿಯೂ ಅದೇ. ಪ್ರತಿಭೆಯನ್ನು ಅಡ್ಡಹೆಸರಿನಲ್ಲೇ ಅಳೆಯುವ ತಮ್ಮ ಕಣ್ಣಳತೆಗೆ ಶರಣು.

ಮನುಷ್ಯರ ಕಣ್ಣನ್ನು ನಂಬದವರು ಯಂತ್ರದ ಮೊರೆ ಹೋಗಿದ್ದೂ ಉಂಟು. ರೆಸ್ಯೂಮೆಗಳಿಗೆ ಅಂಕ ಕೊಡುವ ತಂತ್ರಾಂಶವೊಂದನ್ನು ಅಮೆಜಾನ್ 2014ರಿಂದ ಕಟ್ಟುತ್ತಿತ್ತು. ಅದಕ್ಕೆ ಪಾಠವಾಗಿ ಕೊಟ್ಟಿದ್ದು ಹತ್ತು ವರ್ಷಗಳ ಹಳೆಯ ಅರ್ಜಿಗಳು, ಬಹುಪಾಲು ಗಂಡಸರವು. ಯಂತ್ರ ಗುರುವಿಗೆ ತಕ್ಕ ಶಿಷ್ಯನಾಯಿತು. ‘ಮಹಿಳಾ ಚೆಸ್ ಕ್ಲಬ್ಬಿನ ನಾಯಕಿ’ ಎಂಬಂಥ ಸಾಲು ಕಂಡರೆ ಅಂಕ ಕಳೆಯತೊಡಗಿತು. ಕೊನೆಗೆ ಕಂಪನಿ ಆ ಯೋಜನೆಯನ್ನೇ ಕೈಬಿಟ್ಟಿತು ಎಂಬುದು 2018ರಲ್ಲಿ ಸುದ್ದಿಸಂಸ್ಥೆ ರಾಯಿಟರ್ಸ್‌ನ ವರದಿಯಿಂದ ಬಯಲಾಯಿತು. ಅದೇ ರಾಯಿಟರ್ಸ್ 2024ರ ಜೂನ್‌ನಲ್ಲಿ ಇನ್ನೊಂದು ಸುದ್ದಿ ಕೊಟ್ಟಿತು: ಚೆನ್ನೈ ಸಮೀಪದ ಶ್ರೀಪೆರಂಬುದೂರಿನಲ್ಲಿ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಘಟಕ ಮದುವೆಯಾದ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿಲ್ಲ ಎಂದು. ಕಂಪನಿ ಆರೋಪವನ್ನು ಅಲ್ಲಗಳೆಯಿತು, ಕೇಂದ್ರ ಕಾರ್ಮಿಕ ಸಚಿವಾಲಯ ತಮಿಳುನಾಡಿನಿಂದ ವರದಿ ಕೇಳಿತು. ನೇಮಕಾತಿಯಲ್ಲಿ ಹೆಣ್ಣೆಂಬ ಕಾರಣಕ್ಕೆ ತಾರತಮ್ಯ ಸಲ್ಲದು ಎಂದು 1976ರಲ್ಲೇ ಸಮಾನ ವೇತನ ಕಾಯ್ದೆ ಹೇಳಿತ್ತು. ಆದರೆ ಕಾಯ್ದೆಗೆ ಎರಡು ವರ್ಷದ ಇಂಡಸ್ಟ್ರಿ ಅನುಭವ ಎಲ್ಲಿಂದ ಬರಬೇಕು?

ಗುರುಗ್ರಾಮದ ಜೊಮ್ಯಾಟೊದವರದು ಮಾತ್ರ ನೇರ ವ್ಯವಹಾರ. ಆಗಿನ ಮುಖ್ಯಸ್ಥ ದೀಪಿಂದರ್ ಗೋಯಲ್ 2024ರ ನವೆಂಬರ್‌ನಲ್ಲಿ ‘ಚೀಫ್ ಆಫ್ ಸ್ಟಾಫ್’ ಹುದ್ದೆಗೆ ಅರ್ಜಿ ಕರೆದರು. ಮೊದಲ ವರ್ಷ ಸಂಬಳವಿಲ್ಲ, ಮೇಲಾಗಿ ಅಭ್ಯರ್ಥಿಯೇ 20 ಲಕ್ಷ ರೂಪಾಯಿ ಕೊಡಬೇಕು, ಅದು ದಾನಕ್ಕೆ ಹೋಗುತ್ತದೆ. ಹದಿನೆಂಟು ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದು ಬಿದ್ದವು. ಹಣದ ಮಾತು ಬರೀ ಜರಡಿ, ಯಾರಿಂದಲೂ ಕಾಸು ಪಡೆಯುವುದಿಲ್ಲ ಎಂದು ಆಮೇಲೆ ಅವರೇ ಹೇಳಿದರು. ಬರಿಗೈಯವರು ಜಾಹೀರಾತು ಓದಿದಾಗಲೇ ಆ ಜರಡಿಯಿಂದ ಕೆಳಗೆ ಉದುರಿ ಹೋಗಿದ್ದರು.

ಆಯ್ಕೆಯಾದವರ ಸುಖವನ್ನೂ ಹೇಳಬೇಕು. 2023ರ ಫೆಬ್ರವರಿಯಲ್ಲಿ ವಿಪ್ರೊ, ವರ್ಷಕ್ಕೆ 6.5 ಲಕ್ಷದ ಆಫರ್ ಹಿಡಿದು ಕಾದಿದ್ದ ಹೊಸಬರಿಗೆ 3.5 ಲಕ್ಷಕ್ಕೆ ಬರುತ್ತೀರಾ ಎಂದು ಕೇಳಿತು. 2022ರಲ್ಲಿ ಆಫರ್ ಲೆಟರ್ ಪಡೆದ ಇನ್ನೊಂದು ತಂಡವನ್ನು ಇನ್ಫೊಸಿಸ್ ಕೆಲಸಕ್ಕೆ ಕರೆದದ್ದು 2024ರ ಕೊನೆಯ ಹೊತ್ತಿಗೆ. 2025ರ ಫೆಬ್ರವರಿಯಲ್ಲಿ ಅದೇ ಇನ್ಫೊಸಿಸ್‌ನ ಮೈಸೂರು ಕ್ಯಾಂಪಸ್‌ನಿಂದ ಮುನ್ನೂರಕ್ಕೂ ಹೆಚ್ಚು ತರಬೇತಿ ನೌಕರರು ಗಂಟುಮೂಟೆ ಕಟ್ಟಿದರು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆ ಪಾಸಾಗಲಿಲ್ಲ ಎಂಬುದು ಕಂಪನಿಯ ಉತ್ತರ. ಜಾಹೀರಾತುಗಳು ಕೇಳುವ ‘ಎರಡು ವರ್ಷದ ಅನುಭವ’ ಇದೇ ಇರಬಹುದು: ಕಾಯುವುದರಲ್ಲಿ.

ಈ ಎಲ್ಲ ಹಿನ್ನೆಲೆಯಲ್ಲಿ, ಅಭ್ಯರ್ಥಿಗಳೂ ಕಂಪನಿಗಳಿಗೆ ಕನಿಷ್ಠ ಅರ್ಹತೆ ನಿಗದಿಪಡಿಸಿದ್ದಾರೆ:

ಒಂದು, ಜಾಹೀರಾತಿನಲ್ಲಿ ಸಂಬಳವನ್ನು ಅಂಕಿಯಲ್ಲಿ ಬರೆಯಲು ಬರಬೇಕು.
ಎರಡು, ಆಫರ್ ಲೆಟರಿನಲ್ಲಿ ಕೆಲಸಕ್ಕೆ ಸೇರುವ ದಿನಾಂಕವಿರಬೇಕು, ಆ ದಿನ ಕಚೇರಿಯ ಬಾಗಿಲು ತೆರೆದಿರಬೇಕು.
ಮೂರು, ಬೇಡವೆನಿಸಿದರೆ ಬೇಡವೆಂದು ಒಂದು ಸಾಲು ಬರೆಯಬೇಕು. ‘ವಿ ವಿಲ್ ಗೆಟ್ ಬ್ಯಾಕ್ ಟು ಯು’ ಎಂಬುದನ್ನು ಉತ್ತರವೆಂದು ಪರಿಗಣಿಸಲಾಗದು.
ನಾಲ್ಕು, ಮೊದಲ ಸುತ್ತಿನಲ್ಲಿ ಅರ್ಜಿಯ ಮೇಲಿನ ಹೆಸರನ್ನು ಮುಚ್ಚಿಟ್ಟು ಓದಲು ಕಲಿತಿರಬೇಕು. ಇದಕ್ಕೆ ತರಬೇತಿ ಬೇಕಾದಲ್ಲಿ ಮೂರು ಅವಕಾಶ ನೀಡಲಾಗುವುದು.

ಅರ್ಹ ಕಂಪನಿಗಳು ಕೂಡಲೇ ಅರ್ಜಿ ಸಲ್ಲಿಸಬಹುದು. ಬ್ಯಾಕ್‌ಲಾಗ್ ಇರುವವರನ್ನೂ ಪರಿಗಣಿಸಲಾಗುತ್ತದೆ.

ತಮ್ಮ ವಿಶ್ವಾಸಿಗಳು,
ಸದರಿ ಹುದ್ದೆಗೆ ಅನುಭವ ಸಾಲದವರು

ಲಗತ್ತು: ರೆಸ್ಯೂಮೆ (ಐದನೇ ಸಲ), ಅಂಕಪಟ್ಟಿಗಳ ನಕಲು, ಪಾಸ್‌ಪೋರ್ಟ್ ಅಳತೆಯ ಫೋಟೊ ಎರಡು.