ಗುಟ್ಟಿನ ಸದ್ದು

ಹಾನಗಲ್ಲಿನಿಂದ ಹಿರೇಕೆರೂರಿನ ತನಕ ನಮ್ಮ ಸೀಮೆಯಲ್ಲಿ ಮಾತು ಅಂದರೆ ಹೊಲದ ಈ ಬದುವಿನಿಂದ ಆ ಬದುವಿಗೆ ಮುಟ್ಟಬೇಕು. ಇಂಥ ಗಂಟಲುಗಳಿಗೆ ಗುಟ್ಟು ಹೇಳುವ ಪ್ರಸಂಗ ಬಂದರೆ ಫಜೀತಿ. ಮೊದಲು ಆಚೀಚೆ ನೋಡುತ್ತಾರೆ, ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಅಷ್ಟರಲ್ಲಿ ಪಡಸಾಲೆಯಲ್ಲಿ ಕೂತವರೆಲ್ಲ ಕಿವಿ ನಿಮಿರಿಸಿರುತ್ತಾರೆ.

ಪಿಸುಗುಟ್ಟುವಾಗ ಗಂಟಲಿನ ಧ್ವನಿತಂತುಗಳು ಕಂಪಿಸುವುದಿಲ್ಲ. ಬರೀ ಉಸಿರು ಸುಯ್ಯೆಂದು ಹಾಯುತ್ತದೆ. ಹೀಗಾಗಿ ಗ, ದ, ಬಗಳು ಘೋಷ ಕಳಕೊಂಡು ಕ, ತ, ಪಗಳಂತೆ ಕೇಳುತ್ತವೆ. ಕನ್ಯಾ ನೋಡಲು ಶಿಗ್ಗಾವಿಗೆ ಹೋದಾಗ ನಮ್ಮ ಸೋದರತ್ತೆ ‘ಗಲ್ಲ ಚಲೋ ಅದಾವ’ ಅಂತ ಪಿಸುಗುಟ್ಟಿದ್ದು ಮಾವನಿಗೆ ‘ಕಲ್ಲ’ ಅಂತ ಕೇಳಿತು. ಆತ ಗೋಡೆ ತಟ್ಟಿ ನೋಡಿ, ಮನೆ ತುಂಬ ಕೇಳುವ ಹಾಗೆ, ‘ಹೌದ್ರೀ, ಭಾಳ ಗಟ್ಟಿ ಅದಾವ’ ಅಂದ.

ಸ, ಶ, ಚಗಳಿಗೆ ಈ ಘೋಷದ ಹಂಗೇ ಇಲ್ಲ. ಅವು ಮೊದಲಿಂದಲೂ ಉಸಿರಿನ ಅಕ್ಷರಗಳು, ಕೀರಲು ಸದ್ದಿನವು. ಬಸ್ಸಿನ ಎಂಜಿನ್ನಿನ ಗುಡುಗು ತಗ್ಗಿನ ದನಿಗಳನ್ನೆಲ್ಲ ನುಂಗಿದರೂ ಇವು ಅದರ ತಲೆ ಮೇಲೆ ಹಾದು ಹಿಂದಿನ ಸೀಟು ಮುಟ್ಟುತ್ತವೆ. ನಮ್ಮ ದುರ್ದೈವಕ್ಕೆ ಗುಟ್ಟುಗಳೆಲ್ಲ ಈ ಅಕ್ಷರದಲ್ಲೇ ಇವೆ: ಸಾಲ, ಸೊಸಿ, ಆಸ್ತಿ, ಸೈಟು, ಸಕ್ಕರಿ ಕಾಯಿಲೆ. ಇಷ್ಟು ಸಿಕ್ಕರೆ ಸಾಕು, ಉಳಿದ ಕತೆಯನ್ನು ಸಹಪ್ರಯಾಣಿಕರೇ ಕಟ್ಟಿಕೊಳ್ಳುತ್ತಾರೆ. ಪಿಸುಗುಟ್ಟುವುದಕ್ಕಿಂತ ದನಿ ತಗ್ಗಿಸಿ ಗೊಣಗುವುದೇ ಕ್ಷೇಮ.

ವಿಜಯಪುರದ ಗೋಳಗುಮ್ಮಟದಲ್ಲಿ ಪಿಸುಮಾತು ದುಂಡನೆಯ ಗೋಡೆಗುಂಟ ಸರಿಯುತ್ತ ಆಚೆ ಬದಿ ತಲುಪುತ್ತದೆ. ಇಂಥದೇ ವಿಸ್ಮಯವನ್ನು ಸಿ.ವಿ. ರಾಮನ್ 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಪರೀಕ್ಷಿಸಿದರು. ಅಡ್ಡಗೋಡೆ ಮಾಡು ಮುಟ್ಟದ ನಮ್ಮ ಹಂಚಿನ ಮನೆಗೆ ಬಂದಿದ್ದರೆ ಹಡಗಿನ ಖರ್ಚು ಉಳಿಯುತ್ತಿತ್ತು. ಇಲ್ಲಿ ಪಿಸುಮಾತು ಗೋಡೆ ಹತ್ತಿ, ಇಳಿದು, ನೇರ ಅಜ್ಜಿಯ ಹಾಸಿಗೆಗೆ ಬರುತ್ತದೆ. ಮುಪ್ಪಿನಲ್ಲಿ ಕಿವಿ ಮೊದಲು ಕಳಕೊಳ್ಳುವುದು ಕೀರಲು ಸದ್ದುಗಳನ್ನೇ ಅಂತ ವೈದ್ಯರು ಹೇಳುತ್ತಾರೆ. ಅವರು ನಮ್ಮ ಅಜ್ಜಿಯನ್ನು ಕಂಡಿಲ್ಲ. ‘ಉಣ್ಣಾಕ ಬಾರಬೇ’ ಅಂತ ನಾಲ್ಕು ಸಲ ಒದರಿದರೂ ಕೇಳದಾಕೆ, ಒಳಗೆ ಪಿಸುಗುಟ್ಟಿದ ಬಡ್ಡಿಯ ಲೆಕ್ಕದಲ್ಲಿ ತಪ್ಪು ಹಿಡಿಯುತ್ತಾಳೆ.

ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫರು (1819-1889) ಈ ಉಸಾಬರಿಗೇ ಹೋಗಲಿಲ್ಲ. ಗುಟ್ಟನ್ನೆಲ್ಲ ಗಂಟಲು ಬಿಚ್ಚಿ ಹಾಡಿದರು. ಭಜನಾ ಮೇಳದವರು ಅದರ ಅರ್ಥವನ್ನು ಇನ್ನೂ ಬಿಡಿಸುತ್ತಿದ್ದಾರೆ. ಅಷ್ಟು ಪ್ರತಿಭೆ ಇಲ್ಲದ ನಮ್ಮಂಥವರಿಗೆ ಸವಣೂರಿನ ಎಲೆ ಇದೆ. ಎಲೆ-ಅಡಿಕೆ ಹಾಕಿ ಬಾಯಿ ತುಂಬ ರಸ ಬಂದಾಗ ಸಕಾರ ಸೀಟಿ ಹೊಡೆಯುವುದಿಲ್ಲ, ‘ಸಾಲ’ ಅನ್ನುವುದು ‘ಹ್ವಾಲ’ ಆಗುತ್ತದೆ, ಹಿಂದಿನ ಸೀಟಿನವರಿಗೆ ಒಂದೂ ತಿಳಿಯುವುದಿಲ್ಲ. ಗುಟ್ಟು ಕೇಳುವವನು ಬಿಳಿ ಅಂಗಿ ತೊಟ್ಟಿರಬಾರದು, ಅಷ್ಟೇ.